ನೂರಕ್ಕೆ ತೊಂಬತ್ತೊಂಬತ್ತು

“ಸುಳಿವು ಗಿಳಿವು ಕೊಟ್ಟೀಯ, ಜೋಕೆ!” ಎಂದು ಅಪ್ಪ ಆಸ್ಪತ್ರೆಯ ಮಂಚದಲ್ಲೇ ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡರು. ಅದು ಮಗಳೇ ಬರೆದ ಆಟ. ಚಿತ್ರವಿಲ್ಲ, ಸದ್ದಿಲ್ಲ, ‘ಬಾಗಿಲು ತೆಗೆ’ ಎಂದು ಟೈಪ್ ಮಾಡಿದರೆ ಬಾಗಿಲಾಚೆ ಏನಿದೆಯೆಂದು ಅಕ್ಷರಗಳಲ್ಲೇ ಹೇಳುತ್ತದೆ. ಅಪ್ಪ ಅದರ ಪಾಳುಬಂಗಲೆಯನ್ನೆಲ್ಲ ಜಾಲಾಡಿ, ನೂರಕ್ಕೆ ತೊಂಬತ್ತೊಂಬತ್ತು ಅಂಕ ಗಳಿಸಿ ಅಲ್ಲೇ ಸಿಕ್ಕಿಕೊಂಡಿದ್ದರು.

ಇಂಥ ಆಟಗಳಲ್ಲಿ ಕೊನೆಯ ಅಂಕವನ್ನು ಕತೆಗೆ ಬೇಕಿಲ್ಲದ ಯಾವುದಾದರೂ ಕೆಲಸದಲ್ಲಿ ಬಚ್ಚಿಡುವುದು ಹಳೆಯ ಸಂಪ್ರದಾಯ. ಮಗಳಿಗೆ ಈ ಹುಚ್ಚು ಹಿಡಿಸಿದವರೇ ಅಪ್ಪ. ಅವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

“ನಾಳೆ ಆಪರೇಷನ್. ಅಷ್ಟರೊಳಗೆ ಮುಗಿಸಿಬಿಡ್ಬೇಕಮ್ಮ. ಆಮೇಲೆ ಏನೋ ಎಂತೋ.”

ಆ ಒಂದು ಅಂಕ ಆಟದಲ್ಲಿ ಇರಲೇ ಇಲ್ಲ. ಅಂಕ ಹಂಚುವಾಗ ಮಗಳು ಕೂಡಿದ್ದು ತಪ್ಪಿ, ಒಟ್ಟು ನೂರು ಎಂದು ಬರೆದುಬಿಟ್ಟಿದ್ದಳು. ಅದು ಗೊತ್ತಾದದ್ದೂ ಇವತ್ತೇ. ಹೇಳೋಣವೆಂದರೆ ಬಾಯಿ ಬರಲಿಲ್ಲ. ಇಲ್ಲದ್ದನ್ನು ಹುಡುಕುತ್ತ ಅಪ್ಪ ಊಟದ ತಟ್ಟೆಯನ್ನೂ ಮುಟ್ಟಿರಲಿಲ್ಲ.

“ಚಾರ್ಜಿಗೆ ಹಾಕ್ತೀನಿ, ಕೊಡಿ ಅಪ್ಪ” ಎಂದು ಲ್ಯಾಪ್‌ಟಾಪನ್ನು ಕಿತ್ತುಕೊಂಡವಳ ಹಾಗೆ ಕಾರಿಡಾರಿಗೆ ಒಯ್ದಳು. ಬಂಗಲೆಯ ಮೊದಲ ಕೋಣೆಯಲ್ಲಿ ಒಂದು ಬಾಡಿದ ಗಿಡವಿತ್ತು, ಸುಮ್ಮನೆ ಅಂದಕ್ಕೆ ಇಟ್ಟದ್ದು. ಅದಕ್ಕೆ ನೀರು ಹಾಕಿದವರಿಗೆ ಒಂದು ಅಂಕ ಎಂದು ಸೇರಿಸಿ, ಕಳ್ಳಿಯ ಹಾಗೆ ತಲೆತಗ್ಗಿಸಿಕೊಂಡು ತಂದುಕೊಟ್ಟಳು.

ಬೆಳಿಗ್ಗೆ ಅಪ್ಪ ಹಟ ಹಿಡಿದು, ತೊಂಬತ್ತೊಂಬತ್ತಕ್ಕೆ ನಿಂತಿದ್ದ ಅದೇ ಆಟದಲ್ಲಿ ಬಂಗಲೆಗೆ ಇನ್ನೊಂದು ಸುತ್ತು ಹಾಕತೊಡಗಿದರು. ಮೊದಲ ಕೋಣೆ. ‘ಗಿಡಕ್ಕೆ ನೀರು ಹಾಕು.’ ತೆರೆಯ ಮೇಲೆ ನೂರಕ್ಕೆ ನೂರು!

ಅವಳು ಚಪ್ಪಾಳೆ ತಟ್ಟಿದಳು. ಅಪ್ಪ ನಗಲಿಲ್ಲ.

“ಇದಕ್ಕೆ ಮೊದಲನೇ ದಿನಾನೇ ನೀರು ಹಾಕಿದ್ದೆನಲ್ಲೇ. ಆಗ ಏನೂ ಬರ್ಲಿಲ್ಲ.”

ಅವಳ ಚಪ್ಪಾಳೆ ಅರ್ಧಕ್ಕೆ ನಿಂತಿತು. ಬೇಕಿಲ್ಲದ ಕೆಲಸವನ್ನೇ ಮೊದಲು ಮಾಡಿ ಮುಗಿಸುವ ಆಸಾಮಿ ಇವರು. ಅದು ತನಗೆ ಹೊಳೆಯಲೇ ಇಲ್ಲವಲ್ಲ!

“ಅಪ್ಪ, ಅದು ಏನಾಯ್ತು ಅಂದ್ರೆ...”

“ಬಾಯ್ಮುಚ್ಚು. ನನ್ ಮೇಲೆ ಮರುಕ ಬಂದು ಇದನ್ನ ಹಾಕಿದೀಯ. ನೀನು ಬಚ್ಚಿಟ್ಟಿರೋದು ಬೇರೆ ಎಲ್ಲೋ ಇದೆ.”

‘ಹಿಂದಿನ ನಡೆ ರದ್ದು’ ಎಂದು ಅಪ್ಪ ಒಂದೊಂದೇ ಅಕ್ಷರ ಒತ್ತಿದರು. ನೂರು ಮತ್ತೆ ತೊಂಬತ್ತೊಂಬತ್ತಾಯಿತು. ಅಷ್ಟರಲ್ಲಿ ನರ್ಸ್ ಗಾಲಿಕುರ್ಚಿ ತಂದಳು.

“ಆಫ್ ಮಾಡ್ಬೇಡ, ಹಾಗೇ ಇರ್ಲಿ” ಎಂದರು ಅಪ್ಪ, ಕುರ್ಚಿಯಲ್ಲಿ ಕೂರುತ್ತ. “ಬಂದು ಹುಡುಕ್ತೀನಿ.”

ಗಾಲಿಗಳ ಸದ್ದು ಕಾರಿಡಾರಿನ ತಿರುವಿನಲ್ಲಿ ಅಡಗಿತು. ಖಾಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಕೂತಳು. ತೆರೆ ಮಂಕಾದಾಗೆಲ್ಲ ಬೆರಳಿನಿಂದ ಒಮ್ಮೆ ಮುಟ್ಟಿ ಎಬ್ಬಿಸುತ್ತಿದ್ದಳು.