ತೊಟ್ಟಿಗೆ ಬಿದ್ದ ತಗಡಿನ ಜೀಪು

ದೇರಪ್ಪನ ಕೈಗೆ ಏನು ಸಿಕ್ಕರೂ ಅದಕ್ಕೊಂದು ದರ್ಜೆ ಕಟ್ಟದೆ ಅವನಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ತಲೆ ನರೆಸಿಕೊಂಡು ಬಂದವನು. ಅಲ್ಲಿ ಪಿಕ್ಕಿಂಗ್ ಆದ ಕಾಪಿ ಹಣ್ಣನ್ನು ತೊಟ್ಟಿಯ ನೀರಿಗೆ ಸುರಿಯುತ್ತಾರೆ. ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು. ಈ ಶಾಸ್ತ್ರವನ್ನು ಕಾಪಿಯ ಮಟ್ಟಿಗೆ ಇಟ್ಟುಕೊಂಡಿದ್ದರೆ ಯಾರಿಗೂ ತಕರಾರಿರಲಿಲ್ಲ. ಮಹಾಶಯ ಅದನ್ನು ಲೋಕಕ್ಕೆಲ್ಲ ಹಚ್ಚಿಬಿಟ್ಟ.

ಭಾಗಮಂಡಲದ ಹತ್ತಿರ, ಗಂಡನನ್ನು ಕಳೆದುಕೊಂಡ ತಂಗಿ ಗಂಗಮ್ಮನ ಮನೆಯ ಹಿತ್ತಲಲ್ಲಿ ಸಣ್ಣದೊಂದು ಕಾಪಿ ತೊಟ್ಟಿಯಿತ್ತು. ಕೆಲಸ ಬಿಟ್ಟ ಮೇಲೆ ಅಲ್ಲೇ ನೆಲೆಸಿದ ದೇರಪ್ಪನಿಗೆ ಅದೇ ಕಚೇರಿ. ಗಂಗಮ್ಮ ಕೊಂಡ ಕೊಡೆಯನ್ನು ಅದರಲ್ಲಿ ಹಾಕಿದ, ತೇಲಿತು. ಕೊಡೆ ಅಂಗಡಿಗೆ ವಾಪಸು ಹೋಯಿತು, ಗಂಗಮ್ಮ ಮಳೆಗಾಲವೆಲ್ಲ ಗೊರಬು ಹೊದ್ದು ಗದ್ದೆಗೆ ಹೋದಳು. ಅಲಾರಾಂ ಗಡಿಯಾರ ಹಾಕಿದ, ಕಲ್ಲಿನ ಹಾಗೆ ಮುಳುಗಿತು. "ಫಸ್ಟ್ ಕ್ಲಾಸ್!" ಎಂದ. ಆ ಫಸ್ಟ್ ಕ್ಲಾಸ್ ಗಡಿಯಾರ ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಟಿಕ್ ಎಂದಿಲ್ಲ. ಆದರೂ ಅಣ್ಣ ಪಾಸು ಮಾಡಿದ ವಸ್ತು ಎಂದು ಗಂಗಮ್ಮ ಅದನ್ನು ದೇವರ ಪಟದ ಪಕ್ಕದಲ್ಲೇ ಇಟ್ಟಿದ್ದಳು.

ಇವೆಲ್ಲ ನಗುವ ಮಾತು. ನಗಲಾಗದ್ದು ಒಂದಿತ್ತು. ಗಂಗಮ್ಮನ ಹಿರಿಯ ಮಗಳು ನೀಲಾವತಿಯನ್ನು ಕೇಳಿಕೊಂಡು ಬಂದವನು ಭಾರವಾದ ಹಿತ್ತಾಳೆ ದೀಪವೊಂದನ್ನು ಉಡುಗೊರೆ ತಂದಿದ್ದ. ದೀಪ ಮುಳುಗಿತು. "ತಂದವನ ಮನಸೂ ಇಷ್ಟೇ ಗಟ್ಟಿ," ಎಂದು ದೇರಪ್ಪ ತೀರ್ಪು ಕೊಟ್ಟ, ಮದುವೆಯಾಯಿತು. ಮಗು ಹುಟ್ಟುವ ಮೊದಲೇ ಗಟ್ಟಿಮನಸ್ಸಿನ ಅಳಿಯ ಇನ್ನೊಬ್ಬಳನ್ನು ಕಟ್ಟಿಕೊಂಡು ಘಟ್ಟ ಇಳಿದುಹೋದ. ನೀಲಾವತಿ ಮಗಳು ಚಿನ್ನಿಯ ಜೊತೆ ತೌರಿನಲ್ಲೇ ಉಳಿದಳು. ಆ ಸಂಗತಿಯನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ದೇರಪ್ಪನಂತೂ ದೀಪ ಕಂಡರೆ ಆಚೆ ಮುಖ ಮಾಡುತ್ತಿದ್ದ.

ಈಗ ಕಿರಿಯವಳು ಯಮುನಳ ಸರದಿ. ಅವಳ ಮನಸ್ಸು ಆಗಲೇ ಕರಿಕೆಯ ಪೂವಯ್ಯನ ಮೇಲೆ ನಿಂತಿತ್ತು. ಚಿಕ್ಕಮ್ಮನ ಮನೆಯ ಮದುವೆಯಲ್ಲಿ ಅವನು ಅಡಿಗೆಗೆ ನೀರು ಹೊತ್ತುಹಾಕುತ್ತ, ಹೊಗೆಯಲ್ಲಿ ಬೇಯುತ್ತಿದ್ದ ಹೆಂಗಸರನ್ನೆಲ್ಲ ನಗಿಸಿದ್ದನ್ನು ಅವಳು ಮರೆತಿರಲಿಲ್ಲ. ಬೇಸಗೆಯಲ್ಲಿ ಮಂಗಳೂರಿಗೆ ಲಾರಿ ಹೊಡೆಯುವುದು, ಮಳೆ ಹಿಡಿದರೆ ಊರಿಗೆ ಬಂದು ಗದ್ದೆಗಿಳಿಯುವುದು ಅವನ ಬದುಕು. "ಡ್ರೈವರ್ ಆದರೆ ಡ್ರೈವರ್, ಬೇಸಾಯಗಾರ ಆದರೆ ಬೇಸಾಯಗಾರ. ಇವ ಎಂತ?" ಎಂದು ದೇರಪ್ಪ ಅವನ ಮುಖ ನೋಡುವ ಮೊದಲೇ ಮೂಗು ಮುರಿದಿದ್ದ.

ಪೂವಯ್ಯ ಹೆಣ್ಣು ನೋಡಲು ಬಂದ ದಿನ ಬಾಳೆಗೊನೆಯ ಜೊತೆ ಚಿನ್ನಿಗೆಂದು ಒಂದು ಆಟದ ಸಾಮಾನು ತಂದ. ಮಂಗಳೂರಿನ ಧಕ್ಕೆಯ ಹತ್ತಿರ ರಾಶಿ ಹಾಕಿ ಮಾರುವ, ಹಡಗಿನಲ್ಲಿ ಬಂದ ಅಗ್ಗದ ತಗಡಿನ ಜೀಪು, ಅಂಗೈಯಷ್ಟೇ. ಪೂವಯ್ಯ ಅದರ ಮೂತಿ ಎತ್ತಿದ, ಒಳಗಿನಿಂದ ಒಂದು ತಲೆ ಬಂತು. ಬಾಗಿಲು ಎಳೆದ, ಕೈಗಳಾದವು. ಹಿಂದಿನ ಚಕ್ರ ತಿರುಗಿಸಿ ಕೆಳಗೆ ಜಗ್ಗಿದ, ಜೀಪು ಹೊಟ್ಟೆ ತೆರೆದುಕೊಂಡು ಎರಡು ಕಾಲ ಮೇಲೆ ನಿಂತುಬಿಟ್ಟಿತು. ಚಿನ್ನಿ ಕೇಕೆ ಹಾಕಿದಳು. ಕಾಪಿಯ ಲೋಟ ಹಿಡಿದು ನಿಂತಿದ್ದ ಯಮುನ ಅವನ ಮುಖ ನೋಡುವುದು ಬಿಟ್ಟು ಬೆರಳುಗಳನ್ನೇ ನೋಡಿದಳು.

"ತಾ ಇಲ್ಲಿ," ಎಂದ ದೇರಪ್ಪ.

ಚಿನ್ನಿಯ ಕೈಯಿಂದ ಕಿತ್ತುಕೊಂಡು ತೂಗಿದ. ಮೂಸಿದ. ಒಣಗಿದ ಕಾಪಿ ಬೀಜವನ್ನು ಕಚ್ಚಿ ನೋಡುವ ಹಾಗೆ ಅದರ ಕಾಲನ್ನು ಕಚ್ಚಿದ. ತಗಡಿಗೆ ಏನೂ ಆಗಲಿಲ್ಲ, ರೈಟರ ಹಲ್ಲು ಜುಮ್ಮೆಂದಿತು. ಕಣ್ಣಲ್ಲಿ ಬಂದ ನೀರನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು, "ಇದ್ ಜೀಪಾ, ಮನುಷ್ಯನಾ? ಒಂದ್ ಹೇಳ್," ಎಂದ.

"ಎರಡೂ ಇದರಲ್ಲೇ ಉಟ್ಟು," ಎಂದ ಪೂವಯ್ಯ. "ಬೇಕಾದಾಗ ಬೇಕಾದ್ದು."

"ಹಂಗೆ ಇರಿಕೆ ಆಗುಲೆ. ಕೊಡಗು ಮೈಸೂರಿಗೆ ಸೇರಿದ ಮೇಲೆ ಬರುವ ಸಾಮಾನೆಲ್ಲ ಇಂಥದ್ದೇ."

ಧಕ್ಕೆಯ ಆಟಿಕೆಗೂ ಮೈಸೂರು ರಾಜ್ಯಕ್ಕೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಹೇಗೋ ಒತ್ತಿ, ಬಗ್ಗಿಸಿ, ಬೊಂಬೆಯನ್ನು ಮತ್ತೆ ಜೀಪು ಮಾಡಿಕೊಂಡು ದೇರಪ್ಪ ಹಿತ್ತಲಿಗೆ ನಡೆದ. ಹಿಂದೆ ಮನೆಯವರೆಲ್ಲ ಮೆರವಣಿಗೆ ಹೊರಟರು. ತೊಟ್ಟಿಗೆ ಬೀಳುತ್ತಿರುವುದು ತಗಡಲ್ಲ, ತನ್ನ ಬಾಳು ಎಂದು ಯಮುನಳಿಗೆ ಚೆನ್ನಾಗಿ ಗೊತ್ತಿತ್ತು. ಮಾವನ ಮಾತಿಗೆ ಅಮ್ಮ ಎದುರಾಡಿದ್ದೇ ಇಲ್ಲ.

ದೇರಪ್ಪ ಜೀಪನ್ನು ನೀರಿಗೆ ಬಿಟ್ಟ. ಮುಚ್ಚಿದ ಹೊಟ್ಟೆಯ ಜೀಪು ಒಮ್ಮೆ ಓಲಾಡಿ, ಬಾತುಕೋಳಿಯಂತೆ ಹಾಯಾಗಿ ತೇಲಿತು.

"ಕಂಡರಾ? ಜೊಳ್ಳು," ಎಂದು ದೇರಪ್ಪ ಕೈ ಒರೆಸಿಕೊಂಡ. "ಸಾಮಾನು ಹೆಂಗೋ, ತಂದವನೂ ಹಂಗೇ. ಗಂಗೆ, ಇವಂಗೆ ಕಾಪಿ ಕೊಟ್ಟ್ ಕಳ್ಸ್."

ಪೂವಯ್ಯ ನಗಲು ನೋಡಿದ, ಆಗಲಿಲ್ಲ. ಆ ಅರ್ಧ ನಗು ಕಂಡು ಯಮುನಳಿಗೆ ನಾಚಿಕೆ ಹೋಗಿ ಸಿಟ್ಟು ಬಂತು. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಜೀಪನ್ನು ನೀರಿನಿಂದೆತ್ತಿ, ಮೂತಿ ಎತ್ತಿ, ಬಾಗಿಲು ಎಳೆದು, ಚಕ್ರ ತಿರುಗಿಸಿ ಜಗ್ಗಿದಳು. ತಗಡಿನ ಮನುಷ್ಯ ನಿಂತ. ಅವನನ್ನು ಹಾಗೆಯೇ ತೊಟ್ಟಿಗೆ ಬಿಟ್ಟಳು. ತೆರೆದ ಹೊಟ್ಟೆಗೆ ನೀರು ನುಗ್ಗಿತು, ನಾಲ್ಕು ಗುಳ್ಳೆ ಎದ್ದವು, ಮನುಷ್ಯ ನೇರವಾಗಿ ತಳಕ್ಕೆ ಹೋಗಿ ಕೂತ.

"ಈಗ ಎಂತ ಹೇಳ್ತೀರಿ ಮಾವ?"

ದೇರಪ್ಪ ತೊಟ್ಟಿಯೊಳಗೆ ಬಗ್ಗಿ ನೋಡಿದ. ಅದೇ ತಗಡು, ಅದೇ ನೀರು. ಇಷ್ಟು ವರ್ಷದ ರೈಟರಿಕೆಯಲ್ಲಿ ಒಂದೇ ಹಣ್ಣು ತೇಲಿಯೂ ಮುಳುಗಿಯೂ ತೋರಿಸಿದ್ದಿಲ್ಲ. "ನೀರು ಹೊಕ್ಕಿ ಮುಳುಗಿದ್ದು ಲೆಕ್ಕಕ್ಕಿಲ್ಲ," ಎಂದ ಕೊನೆಗೆ.

"ಗಡಿಯಾರವೂ ನೀರು ಹೊಕ್ಕೇ ಮುಳುಗಿದ್ದು," ಎಂದಳು ಯಮುನ.

"ಅದ್ ಬೇರೆ! ಈ ತೊಟ್ಟಿ ನೀರೇ ಸರಿ ಇಲ್ಲೆ!"

ಆಗ ಗಂಗಮ್ಮ ಬಾಯಿ ತೆರೆದಳು. ಧ್ವನಿ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ನೀಲಾವತಿಯನ್ನು ಒಮ್ಮೆ ನೋಡಿ, ಅಣ್ಣನ ಕಡೆ ತಿರುಗಿದಳು.

"ಆ ದೀಪನೂ ಮುಳುಗಿತ್ತ್, ಅಣ್ಣ."

ನೀಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇರಪ್ಪ ಆಚೆ ಮುಖ ಮಾಡಿದ.

"ಪೂವಯ್ಯ, ಕೈಕಾಲು ತೊಳ್ಕ," ಎಂದಳು ಗಂಗಮ್ಮ. "ಉಣ್ಕಂಡೇ ಹೋಗಿಕೆ."

ಹೆಣ್ಣು ನೋಡಲು ಬಂದವನಿಗೆ ಆ ಮನೆಯಲ್ಲಿ ಬರೀ ಕಾಪಿ ಕೊಟ್ಟರೆ ಇಲ್ಲ ಎಂದರ್ಥ. ಊಟಕ್ಕೆ ಕೂರಿಸಿದರೆ ಬೇರೆ ಮಾತು ಬೇಕಿಲ್ಲ. ಯಮುನ ಒಳಗೆ ಓಡಿದಳು. ಎಲೆ ತೊಳೆಯಲು ಓಡಿದ್ದು ಎಂದು ಅವಳೇನೋ ಹೇಳಿದಳು.

ಇತ್ತ ಚಿನ್ನಿ ಬೊಂಬೆ ಬೇಕೆಂದು ತೊಟ್ಟಿಯ ಹತ್ತಿರ ರಚ್ಚೆ ಹಿಡಿದಳು. ಉಳಿದವರೆಲ್ಲ ಒಳಗೆ ಹೋಗಿದ್ದರು. ದೇರಪ್ಪ ಆಚೆ ಈಚೆ ನೋಡಿ, ಇಸ್ತ್ರಿ ಮಾಡಿದ ಅಂಗಿಯ ತೋಳು ಹೆಗಲವರೆಗೆ ನೆನೆಯುವಂತೆ ಕೈ ಇಳಿಬಿಟ್ಟು, ತಾನು ಜೊಳ್ಳೆಂದದ್ದನ್ನು ತಳದಿಂದ ತಡಕಿ ತೆಗೆದುಕೊಟ್ಟ.

ಒಳಗೆ ಬರುವಷ್ಟರಲ್ಲಿ ಗೋಡೆಯ ಬದಿಯ ಅವನ ಜಾಗದಲ್ಲಿ ಪೂವಯ್ಯ ಕೂತಿದ್ದ. ಯಾವತ್ತೂ ಮೊದಲ ಸೌಟು ದೇರಪ್ಪನ ಎಲೆಗೆ. ಅವನು ಅನ್ನ ಮೂಸಿ ನೋಡಿ ಅಕ್ಕಿಗೆ ದರ್ಜೆ ಹೇಳಿದ ಮೇಲೆಯೇ ಉಳಿದವರು ಉಣ್ಣಬೇಕು. ಆವತ್ತು ಗಂಗಮ್ಮ ಪೂವಯ್ಯನ ಎಲೆಗೆ ಮೊದಲು ಬಡಿಸಿದಳು. ದೇರಪ್ಪ ಮೂಲೆಯಲ್ಲಿ ಕೂತು, ಒದ್ದೆ ತೋಳಿನಿಂದ ನೀರು ತೊಟ್ಟಿಕ್ಕುತ್ತಿರಲು, ತನಗೆ ಬಂದ ಅನ್ನವನ್ನು ಮೂಸದೆ ಉಂಡ.