ಬರುವಾಗ ಎರಡು ಎಂಜಿನ್

ಮೊದಲು ನಮ್ಮ ಮನೆಯಲ್ಲಿ ಅಜ್ಜಿ ಅಂದರೆ ಒಬ್ಬಳೇ, ನಾನು. ಸೊಸೆಯ ತಾಯಿ, ಅಂದರೆ ನಮ್ಮ ಬೀಗಿತ್ತಿ, ಕೆಲಸದಿಂದ ನಿವೃತ್ತಳಾಗಿ ಇದೇ ಊರಿಗೆ ಬಂದು ಎರಡು ಬೀದಿ ಆಚೆ ಮನೆ ಮಾಡಿದ ಮೇಲೆ ಮೊಮ್ಮಗಳಿಗೆ ಗೊಂದಲವಾಯಿತು. ಏಳು ವರ್ಷದ ಹುಡುಗಿ, ಚೂಟಿ ಎಂದು ಕರೆಯುತ್ತೇವೆ. ಗೊಂದಲವನ್ನು ಅವಳೇ ಬಗೆಹರಿಸಿಕೊಂಡಳು. ಬೀಗಿತ್ತಿ ಸೈಕಲ್ ಅಜ್ಜಿಯಾದಳು, ನಾನು ಮನೆ ಅಜ್ಜಿಯಾದೆ. ಮನೆ ಚಪ್ಪಲಿ ಅನ್ನುತ್ತೇವಲ್ಲ, ಹಾಗೆ.

ಹುಟ್ಟಿದ ದಿನದಿಂದ ಚೂಟಿಯನ್ನು ಎತ್ತಿ ಆಡಿಸಿದವಳು ನಾನು. ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದವಳು, ಜಡೆಯ ಸಿಕ್ಕು ಬಿಡಿಸಿದವಳು ನಾನು. ನಿನ್ನೆ ಮೊನ್ನೆ ಬಂದ ಬೀಗಿತ್ತಿ ಮೂರೇ ದಿನದಲ್ಲಿ ಸೈಕಲ್ ಕಲಿಸಿ ಹುಡುಗಿಯನ್ನು ತನ್ನ ಕಡೆ ಮಾಡಿಕೊಂಡಳು. ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಈಗಲೂ ಕ್ಯಾನ್ವಾಸ್ ಶೂ ಹಾಕಿ ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಾಳೆ. ನನಗೆ ಸೈಕಲ್ ಬರುವುದಿಲ್ಲ. ಹೊಟ್ಟೆಕಿಚ್ಚಾ ಎಂದು ಕೇಳಿದರೆ, ಹೌದು, ಹೊಟ್ಟೆಕಿಚ್ಚೇ. ಒಲೆ ಹಚ್ಚಬಹುದಿತ್ತು, ಅಷ್ಟಿತ್ತು.

ನಾನು ಇಪ್ಪತ್ತೆಂಟು ವರ್ಷ ರೈಲ್ವೆ ಗೇಟ್ ಕಾದವಳು. ಆಮೇಲೆ ಆ ಲೈನಿನಲ್ಲಿ ರೈಲು ನಿಂತಿತು. ಹಳಿ ಕಿತ್ತರು, ಜಲ್ಲಿಯ ಮೇಲೆ ಮಣ್ಣು ಹಾಕಿ ರೋಲರ್ ಹೊಡೆದರು. ಈಗ ಅದು ನಡೆಯುವವರಿಗೆ, ಸೈಕಲ್ ಹೊಡೆಯುವವರಿಗೆ ಮಾಡಿದ ದಾರಿ. ನಾನು ಕೂತಿದ್ದ ಗೂಡಿನಲ್ಲಿ ಒಬ್ಬ ಚಹಾ ಮಾರುತ್ತಾನೆ, ಸೈಕಲ್ ಬಾಡಿಗೆಗೆ ಕೊಡುತ್ತಾನೆ. ಪಕ್ಕದಲ್ಲಿ ಬಣ್ಣದ ಬೋರ್ಡು: 'ಮಕ್ಕಳಿಗೂ ಹಿರಿಯರಿಗೂ ಸುಲಭ ದಾರಿ.' ಬರೆದವನು ಆ ದಾರಿಯಲ್ಲಿ ಹೋಗಿರಬೇಕು, ಬಂದಿಲ್ಲ.

ಯಾಕೆಂದರೆ ಮುಂದೆ ಸಿಗುವ ಸೇತುವೆ ದಾಟಿದ ಮೇಲೆ ಅದು ಇಳಿಜಾರು. ಕಣ್ಣಿಗೆ ಕಾಣುವುದಿಲ್ಲ, ಗೇಟಿನವರ ಕಿವಿಗೆ ಮಾತ್ರ ಗೊತ್ತು. ಹೋಗುವ ರೈಲು ಸದ್ದಿಲ್ಲದೆ ಜಾರಿಕೊಂಡು ಹೋಗುತ್ತಿತ್ತು. ಬರುವಾಗ ಎರಡು ಎಂಜಿನ್, ಎಳೆಯಲು ಮುಂದೊಂದು, ತಳ್ಳಲು ಹಿಂದೊಂದು. ಚೂಟಿಗೆ ಹೋದ ವರ್ಷದವರೆಗೂ ನಾನು ಇದನ್ನೇ ಕಥೆ ಮಾಡಿ ಹೇಳಿ ಮಲಗಿಸುತ್ತಿದ್ದೆ. ಮುಂದಿನ ಎಂಜಿನ್ 'ಬಾ ಬಾ' ಅನ್ನುತ್ತದೆ, ಹಿಂದಿನದು 'ನಡಿ ನಡಿ' ಅನ್ನುತ್ತದೆ.

ಭಾನುವಾರ ಮೂವರೂ ಆ ದಾರಿಗೆ ಹೋಗುತ್ತೇವೆ. ಗೇಟ್ ಹೋದರೂ ಅಡ್ಡ ರಸ್ತೆ ಹೋಗಿಲ್ಲ, ವ್ಯಾನು ಲಾರಿ ಓಡಾಡುತ್ತಲೇ ಇರುತ್ತವೆ. ನಾನು ರಸ್ತೆಯ ನಡುವೆ ನಿಂತು ಎರಡೂ ಕಡೆ ನೋಡುತ್ತೇನೆ. ಎಲ್ಲ ಸರಿ ಇದ್ದಾಗ ಹಸಿರು ಬಾವುಟ ಹಿಡಿದಂತೆ ಬಲಗೈ ಎತ್ತುತ್ತೇನೆ. "ಬರ್ಲಾ ಅಜ್ಜಿ?" ಎಂದು ಕೂಗಿ ಚೂಟಿ ಎಡಬಲ ನೋಡದೆ ಸರ್ರನೆ ದಾಟುತ್ತಾಳೆ. ನನ್ನ ಕೈ ಮೇಲಿದ್ದರೆ ಆಯಿತು, ಅವಳಿಗೆ ಬೇರೇನೂ ಬೇಡ. ವಾರಕ್ಕೊಮ್ಮೆ ಅಷ್ಟಾದರೂ ನನ್ನ ಪಾಲಿಗಿತ್ತು.

ಆ ಭಾನುವಾರ ದಾಟಿದವಳೇ ಚೂಟಿ ಹೇಳಿದಳು, "ಅಜ್ಜಿ, ಈ ಸಲ ರಜಾ ಪೂರ್ತಿ ನಾನು ಸೈಕಲ್ ಅಜ್ಜಿ ಮನೇಲೇ ಇರ್ತೀನಿ. ಅಮ್ಮ ಹೂಂ ಅಂದಾಯ್ತು."

ನನ್ನನ್ನು ಯಾರೂ ಕೇಳಿರಲಿಲ್ಲ. "ಇರು, ಯಾರು ಬೇಡ ಅಂದ್ರು" ಎಂದೆ.

ಹುಡುಗಿ ಬಾಟಲಿಗೆ ನೀರು ತುಂಬಲು ನಲ್ಲಿಯ ಕಡೆ ಹೋದಳು. ಬೀಗಿತ್ತಿ ಸೈಕಲ್ಲಿನ ಸೀಟು ಒರೆಸುತ್ತಾ, "ಇವತ್ತು ಸೇತುವೆ ದಾಟಿ ಹಳೇ ಸ್ಟೇಷನ್ ತನಕ ಹೋಗೋಣ ಅಂತಿದಾಳೆ ಇವಳು. ನನ್ನ ಮೊಣಕಾಲಿಗೆ ಏರು ಆಗಲ್ಲ ಅಂತ ಡಾಕ್ಟ್ರು ಹೇಳಿದಾರೆ. ನೀವು ಇಲ್ಲೇ ಇದ್ದೋರು. ದಾರಿ ಹೇಗಿದೆ ಬೀಗರೇ?" ಎಂದಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ರೈಲು ಹೋದ ದಾರಿ ಅಲ್ವಾ? ಸಮ ಇದೆ, ಹೋಗಿ" ಎಂದೆ.

ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಸುಳ್ಳು ಬಾವುಟ ತೋರಿಸಿದವಳಲ್ಲ ನಾನು. ಅವಳು ಕೊಂಚ ಏದುಸಿರು ಬಿಡಲಿ, ಮೊಮ್ಮಗಳ ಮುಂದೆ ಇಳಿದು ತಳ್ಳಲಿ ಎಂದಷ್ಟೇ ಆಸೆ. ಇಬ್ಬರೂ ಗಂಟೆ ಬಾರಿಸುತ್ತಾ ಹೋದರು. ನಾನು ಬೆಂಚಿನ ಮೇಲೆ ಕೂತು ಚಹಾ ಕುಡಿದೆ. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿತ್ತು.

ಹತ್ತೂವರೆಗೆ ಬರುತ್ತೇವೆ ಅಂದಿದ್ದರು. ಹನ್ನೊಂದಾಯಿತು. ಒಳಗೊಳಗೇ ನಕ್ಕೆ. ಹನ್ನೊಂದೂವರೆಗೆ ನಗು ನಿಂತಿತು. ಬಿಸಿಲು ನೆತ್ತಿಗೇರುತ್ತಿತ್ತು, ಅವರ ಹತ್ತಿರ ಇದ್ದದ್ದು ಒಂದೇ ಬಾಟಲಿ ನೀರು. ಚಹಾದವನಿಂದ ಇನ್ನೊಂದು ಬಾಟಲಿ ಇಸಿದುಕೊಂಡು ಹೊರಟೆ. ಮೊದಲು ನಡೆದೆ, ಸೇತುವೆ ದಾಟಿದ ಮೇಲೆ ಈ ವಯಸ್ಸಿನಲ್ಲಿ ಓಡಿದೆ.

ದೂರದಲ್ಲಿ ಚೂಟಿ ಕಂಡಳು. ತನ್ನ ಸೈಕಲ್ ಇಪ್ಪತ್ತು ಹೆಜ್ಜೆ ತಳ್ಳಿ ನಿಲ್ಲಿಸಿದಳು. ವಾಪಸ್ ಓಡಿ ಬೀಗಿತ್ತಿಯ ದೊಡ್ಡ ಸೈಕಲ್ ತಳ್ಳಿಕೊಂಡು ಬಂದಳು. ಮತ್ತೆ ತನ್ನದು. ಮುಖ ಕೆಂಪಡರಿತ್ತು, ತುಟಿ ಒಣಗಿತ್ತು. ಅವಳ ಹಿಂದೆ, ದಾರಿಯ ಅಂಚಿನ ಹಳೇ ಮೈಲಿಗಲ್ಲಿನ ಮೇಲೆ ಬೀಗಿತ್ತಿ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಊದಿಕೊಂಡಿತ್ತು. ಆ ಕ್ಯಾನ್ವಾಸ್ ಶೂ ಪಕ್ಕದಲ್ಲಿ ಬಿದ್ದಿತ್ತು.

"ನೀರೆಲ್ಲಾ ಸೈಕಲ್ ಅಜ್ಜಿಗೇ ಕೊಟ್ಟೆ. ಅವ್ರಿಗೆ ತಲೆ ತಿರುಗ್ತಿತ್ತು" ಎಂದಳು ಚೂಟಿ. ನಾನು ತಂದ ನೀರನ್ನು ಗಟಗಟ ಕುಡಿದಳು.

ಬೀಗಿತ್ತಿಗೆ ನನ್ನನ್ನು ನೋಡಿ ಜೀವ ಬಂದಂತಾಯಿತು. "ಬಂದ್ರಾ! ತಪ್ಪು ನಂದೇ ಬೀಗರೇ. ಹೋಗುವಾಗ ಪೆಡಲ್ ತುಳೀದೇನೇ ಓಡ್ತಿತ್ತು ಸೈಕಲ್, ಅಷ್ಟಾದ್ರೂ ತಿಳೀಬಾರ್ದಾ ನಂಗೆ? ನಿಮ್ಮನ್ನೂ ಕೇಳಿದ್ದೆ. ನಿಮಗೇ ಸಮ ಅನ್ಸಿರೋವಾಗ ನನಗೆಲ್ಲಿ ಗೊತ್ತಾಗ್ಬೇಕು!"

ಚೂಟಿ ಬಾಟಲಿ ಇಳಿಸಿದಳು.

"ಅಜ್ಜಿ, ಎರಡು ಎಂಜಿನ್ ಬೇಕಾಗೋದು ಇದೇ ದಾರಿ ಅಲ್ವಾ? ನೀನೇ ಹೇಳ್ತಿದ್ದೆಯಲ್ಲ, ಬಾ ಬಾ, ನಡಿ ನಡಿ ಅಂತ."

"ಹೂಂ."

"ಮತ್ತೆ ಸಮ ಅಂತ ಯಾಕೆ ಹೇಳಿದೆ?"

ಬೀಗಿತ್ತಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ಮೂವತ್ತು ವರ್ಷ ಮಕ್ಕಳ ಜಗಳ ಬಿಡಿಸಿದವಳಲ್ಲವೇ? "ಮರೆತಿರ್ತಾರೆ ಬಿಡು ಮರಿ, ವಯಸ್ಸಾಯ್ತಲ್ಲ" ಎಂದಳು.

ನನ್ನ ಮಾನ ಉಳಿಸಲೆಂದೇ ಹಾಗೆ ಹೇಳಿದ್ದು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗಿಂತ ಎರಡೇ ವರ್ಷ ಚಿಕ್ಕವಳು, ನನಗೆ ವಯಸ್ಸಾಯಿತಂತೆ!

"ಮರೆತಿರ್ಲಿಲ್ಲ. ಗೊತ್ತಿದ್ದೇ ಹೇಳ್ದೆ" ಎಂದುಬಿಟ್ಟೆ.

ಚೂಟಿ ಬಗ್ಗಿ ಸೈಕಲ್ ಅಜ್ಜಿಯ ಶೂ ಎತ್ತಿಕೊಂಡು ತನ್ನ ಸೈಕಲ್ಲಿನ ಬುಟ್ಟಿಗೆ ಹಾಕಿದಳು.

ಬೀಗಿತ್ತಿಯನ್ನು ಸೈಕಲ್ಲಿನ ಸೀಟಿನ ಮೇಲೆ ಕೂರಿಸಿದೆ. ಅವಳು ಹ್ಯಾಂಡಲ್ ಹಿಡಿದಳು. ನಾನು ಒಂದು ಕೈಯನ್ನು ಸೀಟಿಗೆ, ಇನ್ನೊಂದನ್ನು ಅವಳ ಬೆನ್ನಿಗೆ ಕೊಟ್ಟು ತಳ್ಳಿದೆ. ಹೆಂಗಸು ನೋಡಲು ಸಪೂರ, ಭಾರ ಮಾತ್ರ ಕಮ್ಮಿಯಿಲ್ಲ. ಚೂಟಿ ತನ್ನ ಸೈಕಲ್ ನೂಕಿಕೊಂಡು ಮುಂದೆ ಹೋಗುತ್ತಿದ್ದಳು. ಒಮ್ಮೆಯಾದರೂ ತಿರುಗಿ 'ಬಾ ಬಾ' ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

ಸೇತುವೆಯ ಹತ್ತಿರ ಬೀಗಿತ್ತಿ ಮೆಲ್ಲಗೆ ಹೇಳಿದಳು, "ಈ ಕಾಲಲ್ಲಿ ಮಗೂನ ನೋಡ್ಕೊಳ್ಳೋಕೆ ನನ್ನ ಕೈಲಾಗಲ್ಲ ಬೀಗರೇ. ರಜಾ ಪೂರ್ತಿ ನಿಮ್ಮ ಹತ್ರಾನೇ ಇರ್ಲಿ."

ಬೆಳಿಗ್ಗೆಯಿಂದ ನಾನು ಬಯಸಿದ್ದು ಇದನ್ನೇ. ಈಗ ಅದು ಕೇಳದೆಯೇ ಕೈಗೆ ಬಂದಿತ್ತು. "ಆಯ್ತು" ಎಂದೆ.

ಅಡ್ಡ ರಸ್ತೆ ಬಂತು. ಬೀಗಿತ್ತಿ ಇಳಿದು ಸೈಕಲ್ ಹಿಡಿದು ನಿಂತಳು. ನಾನು ನಡುರಸ್ತೆಗೆ ಹೋದೆ. ಬರುತ್ತಿದ್ದ ಒಂದು ವ್ಯಾನು ನಿಲ್ಲಿಸಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕೈ ಎತ್ತಿದೆ.

ಬೀಗಿತ್ತಿ ನನ್ನ ಕೈಯೊಂದನ್ನೇ ನೋಡುತ್ತಾ ಕುಂಟಿಕೊಂಡು ದಾಟಿಬಿಟ್ಟಳು.

ಚೂಟಿ ಅಂಚಿನಲ್ಲೇ ನಿಂತಿದ್ದಳು. "ಬಾ ಚೂಟಿ, ಏನೂ ಬರ್ತಿಲ್ಲ" ಎಂದೆ. ಅವಳು ಕತ್ತು ಚಾಚಿ ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಮತ್ತೊಮ್ಮೆ ಎಡಕ್ಕೆ ನೋಡಿದಳು. ಆಮೇಲೆ ದಾಟಿದಳು.