ಸ್ಪ್ರಿಂಗ್ ಮಾವ ಕೊಂಡ ಹಳೇ ವೈಫೈ ಡಾಂಗಲ್

ಮನೆಯಲ್ಲಿ ಕಂಪ್ಯೂಟರ್ ಇದೆ. ಇಂಟರ್ನೆಟ್ ಕೂಡ ಇದೆ. ಆದರೆ ಅವೆರಡಕ್ಕೂ ಮಾತುಕತೆ ಇಲ್ಲ. ಜಗಳ ಆಡಿದ ಅಣ್ಣ ತಮ್ಮಂದಿರ ಹಾಗೆ ಒಂದೊಂದು ಮೂಲೆ ಹಿಡಿದು ಕೂತಿವೆ. ಇಂಥ ಮನೆ ಕಂಡೇ ಇಲ್ಲ ಎಂದು ಹೇಳಬೇಡಿ, ನಾನು ನಂಬುವುದಿಲ್ಲ. ನಮ್ಮ ಬೀದಿಯಲ್ಲೇ ಮೂರು ನಾಲ್ಕು ಇವೆ. ಅದರಲ್ಲಿ ಸ್ಪ್ರಿಂಗ್ ಮಾವನ ಮನೆಯ ಕಥೆ ಹೇಳುತ್ತೇನೆ, ಕೇಳಿ.

ಸ್ಪ್ರಿಂಗ್ ಮಾವ ಎಂದರೆ ಸೋಫಾ ಕೆಲಸದವರು. ಕುಸಿದ ಸೋಫಾ, ಹರಿದ ಕುರ್ಚಿ ತಂದು ಹಾಕಿದರೆ ಹೊಸದರ ಹಾಗೆ ಮಾಡಿ ಕಳಿಸುತ್ತಾರೆ. ಸಿಟ್ಟು ಬಂದರೆ ಕೂತ ಜಾಗದಿಂದ ಪುಟಿದು ಏಳುತ್ತಾರೆ, ಬೀದಿಯವರು ಹೆಸರಿಟ್ಟಿದ್ದು ಕೆಲಸ ನೋಡಿಯೋ ಸಿಟ್ಟು ನೋಡಿಯೋ ಹೇಳುವುದು ಕಷ್ಟ. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಅಪರೂಪ. ಕೆಲಸದಲ್ಲಿ ಮಾವನಿಗೆ ಜೊತೆ ಎಂದರೆ ಸೊಸೆ. ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಹಾಕಲು ಬರುತ್ತಿರಲಿಲ್ಲ. ಈಗ ಅವಳು ಕತ್ತರಿ ಹಿಡಿದರೆ ಮಾವ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಆದರೆ ಬಾಯಿಬಿಟ್ಟು ಒಪ್ಪಿಕೊಂಡಿದ್ದನ್ನು ಯಾರೂ ಕೇಳಿಲ್ಲ.

ಒಂದು ತರಬೇತಿ ಕೇಂದ್ರದವರು ಸೊಸೆಗೆ ಕರೆ ಮಾಡಿದರು. ಮನೆಯಲ್ಲೇ ಕೂತು ಕಲಿಯುವ ಹೆಂಗಸರಿಗೆ ಸೋಫಾ ಕವರ್ ಕತ್ತರಿಸುವುದು, ಹೊಲಿಯುವುದು ಹೇಳಿಕೊಡಬೇಕು, ಎಲ್ಲವೂ ಆನ್‌ಲೈನ್. ಬರುವ ಶನಿವಾರ ಒಂದು ಪರೀಕ್ಷಾ ಪಾಠ. ಚೆನ್ನಾಗಿ ಆದರೆ ಅವಳೇ ಟೀಚರ್. ಪಾಠದ ಮಧ್ಯೆ ಕನೆಕ್ಷನ್ ಹೋದರೆ ಅವಕಾಶ ಬೇರೆಯವರಿಗೆ. ಇಷ್ಟೇ ಮಾತು, ಖಡಾಖಂಡಿತ.

ತೊಡಕು ಏನೆಂದರೆ, ಕಂಪ್ಯೂಟರ್ ಇರುವುದು ಹಿಂದಿನ ವರ್ಕ್‌ಶಾಪಿನಲ್ಲಿ, ಕತ್ತರಿಸುವ ಮೇಜಿನ ಪಕ್ಕ. ಇಂಟರ್ನೆಟ್ಟಿನ ರೌಟರ್ ಇರುವುದು ಮುಂದಿನ ಕೋಣೆಯಲ್ಲಿ. ನಡುವೆ ಅಂಗಳ. ಕಂಪ್ಯೂಟರ್ ಹಳೆಯದು, ಅದಕ್ಕೆ ವೈಫೈ ಹಿಡಿಯುವ ಶಕ್ತಿಯೇ ಇಲ್ಲ. ಅಂಗಳದಲ್ಲಿ ವೈರ್ ಎಳೆಯೋಣವೆಂದರೆ ದಿನವಿಡೀ ಸೋಫಾ ಹೊತ್ತ ಕೈಗಾಡಿ ಓಡಾಡುತ್ತದೆ. ಮೊಬೈಲಿನಲ್ಲಿ ಮಾಡೋಣವೆಂದರೆ, ಮೇಜಿನ ಮೇಲೆ ನೇತುಹಾಕಿ ಕೈಕೆಲಸ ತೋರಿಸಲು ಆ ಮೊಬೈಲೇ ಬೇಕು.

ಎದುರು ಮನೆಯ ಲೈಬ್ರರಿ ಅಕ್ಕ ಬಂದಳು. ಗ್ರಂಥಾಲಯದ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವಳು.

"ಇದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೊಂಡಿದೀರಾ? ಒಂದು ಯುಎಸ್‌ಬಿ ವೈಫೈ ಡಾಂಗಲ್ ತಗೊಳ್ಳಿ. ಹೆಬ್ಬೆರಳಿನಷ್ಟು ಇರತ್ತೆ. ಕಂಪ್ಯೂಟರ್‌ಗೆ ಚುಚ್ಚಿದ್ರೆ ಮುಂದಿನ ಕೋಣೆ ಇಂಟರ್ನೆಟ್ ಇಲ್ಲಿಗೇ ಬರತ್ತೆ."

"ಅಷ್ಟೇನಾ?" ಎಂದಳು ಅತ್ತೆ, ಮಾವನ ಹೆಂಡತಿ. "ಇಷ್ಟು ದಿನ ಬಾಯಿ ಹೊಲ್ಕೊಂಡಿದ್ದೆ ಏನೇ?"

"ನೀವು ಕೇಳ್ಲಿಲ್ವಲ್ಲ ಅತ್ತೆ! ಆದ್ರೆ ನಿಮ್ಮ ಅಂಗಳ ದಾಟ್ಬೇಕು ಅಂದ್ರೆ ಸಣ್ಣದು ಸಾಲಲ್ಲ, ಉದ್ದ ಆಂಟೆನಾ ಇರೋದೇ ಬೇಕು. ಹೊಸದು ಸ್ವಲ್ಪ ದುಬಾರಿ. ರಿಫರ್ಬಿಶ್ಡ್ ತಗೊಂಡ್ರೆ ಅರ್ಧಕ್ಕೂ ಕಡಿಮೆ."

"ಹಂಗಂದ್ರೆ?" ಮಾವ ಕತ್ತೆತ್ತಿದರು.

"ಯಾರೋ ತಗೊಂಡು ವಾಪಸ್ ಕೊಟ್ಟಿರ್ತಾರೆ. ಅದನ್ನ ಪರೀಕ್ಷೆ ಮಾಡಿ, ರಿಪೇರಿ ಮಾಡಿ, ಮತ್ತೆ ಮಾರ್ತಾರೆ."

ಮಾವ ಪುಟಿದೆದ್ದರು. "ಯಾರೋ ಬಳಸಿ ಬಿಸಾಕಿದ್ದು ನಮ್ಮನೆಗಾ? ನಮ್ಮ ಹುಡುಗಿ ಟೀಚರ್ ಆಗೋಕೆ ಹೊರಟಿದಾಳೆ, ಎಂಜಲು ಮಾಲು ಇಟ್ಕೊಂಡು ಪಾಠ ಹೇಳ್ಬೇಕಾ? ಮಧ್ಯದಲ್ಲಿ ಕೈಕೊಟ್ರೆ ನೀನು ಬಂದು ನಿಲ್ತೀಯಾ ತಾಯಿ?"

ಲೈಬ್ರರಿ ಅಕ್ಕ ಬಾಯಿ ತೆರೆಯುವ ಮೊದಲೇ ಸೊಸೆ ಕತ್ತರಿ ಕೆಳಗಿಟ್ಟಳು.

"ಮಾವ, ಆ ನೀಲಿ ಸೋಫಾ ಯಾರದು?"

"ಯಾರದೂ ಅಲ್ಲ. ಹಳೇದು ತಗೊಂಡು ಮಾಡಿಟ್ಟಿದ್ದೀನಿ. ನಾಳೆ ದಂತವೈದ್ಯರ ಕ್ಲಿನಿಕ್‌ಗೆ ಹೋಗತ್ತೆ."

"ಏನೇನು ಮಾಡಿದ್ರಿ ಅದಕ್ಕೆ?"

ಕೆಲಸದ ವಿಷಯ ಬಂದರೆ ಮಾವನನ್ನು ತಡೆಯುವವರು ಯಾರು! "ಪೂರ್ತಿ ಬಿಚ್ಚಿದೆ. ಫ್ರೇಮಿನ ಒಂದೊಂದು ಕೀಲೂ ಅಲ್ಲಾಡಿಸಿ ನೋಡಿದೆ. ಸತ್ತ ಸ್ಪ್ರಿಂಗ್ ಕಿತ್ತು ಹೊಸದು ಹಾಕಿದೆ. ಫೋಮ್ ಹೊಸದು. ನಾನೇ ಕೂತು ನೋಡಿದೆ, ನಿಮ್ಮತ್ತೇನ ಕೂರಿಸಿ ನೋಡಿದೆ..."

"ಅದನ್ಯಾಕೆ ಊರಿಗೆಲ್ಲ ಹೇಳ್ತೀರಿ?" ಎಂದು ಅತ್ತೆ ಗೊಣಗಿದಳು.

"ಬಿಲ್ ಮೇಲೆ ಗ್ಯಾರಂಟಿ ಬರ್ದು ಕೊಡ್ತೀನಿ. ಹೊಸ ಸೋಫಾ ಮಾರೋನು ಕೊಡ್ತಾನಾ ಅಷ್ಟು ಧೈರ್ಯವಾಗಿ?"

"ಅದಕ್ಕೇ ಮಾವ ರಿಫರ್ಬಿಶ್ಡ್ ಅನ್ನೋದು," ಎಂದಳು ಸೊಸೆ. "ನೀವು ಮಾಡಿದ್ರೆ ಹೆಮ್ಮೆ, ಬೇರೆಯೋರು ಮಾಡಿದ್ರೆ ಎಂಜಲಾ?"

ಮಾವ ನಿಂತವರು ನಿಧಾನಕ್ಕೆ ಕೂತರು. ಗಡ್ಡ ಕೆರೆದುಕೊಂಡರು.

"ಸರಿ," ಎಂದರು ಕೊನೆಗೆ. "ಆದ್ರೆ ಒಂದು ಮಾತು. ನಮ್ಮ ಕೆಲಸದಲ್ಲೂ ಕಳ್ಳರಿದಾರೆ. ಒಳಗೆ ಹುಳ ಹಿಡಿದ ಫ್ರೇಮ್ ಬಿಟ್ಟು ಮೇಲೆ ಬಟ್ಟೆ ಮಾತ್ರ ಬದಲಾಯಿಸಿ ಮಾರ್ತಾರೆ. ಅಂಥೋರು ಇವರಲ್ಲೂ ಇರ್ತಾರೆ. ಕೊಳ್ಳೋಕೆ ನಾನೇ ಬರ್ತೀನಿ."

ಮಾರನೆಯ ದಿನ ಮಾವ, ಸೊಸೆ, ಲೈಬ್ರರಿ ಅಕ್ಕ ಮೂವರೂ ಹೊರಟರು. ಮೊದಲ ಅಂಗಡಿಯಲ್ಲಿ ಡಾಂಗಲ್ ಫಳಫಳ ಹೊಳೆಯುತ್ತಿತ್ತು, ಡಬ್ಬಿ ಮಾತ್ರ ಬೇರೆ ಯಾವುದರದ್ದೋ. ಮಾವ ಆಂಟೆನಾ ಅಲ್ಲಾಡಿಸಿದರು. ಲಟಪಟ.

"ಇಲ್ಲೇ ಹಾಕಿ ತೋರಿಸಪ್ಪ," ಎಂದರು.

"ಮನೇಲಿ ಹಾಕ್ಕೊಳ್ಳಿ ಸಾರ್, ಸೂಪರಾಗಿ ಓಡತ್ತೆ."

"ಬಿಲ್?"

"ಈ ರೇಟಿಗೆ ಬಿಲ್ ಕೇಳ್ತಾರಾ ಸಾರ್?"

"ಬರೀ ಬಟ್ಟೆ ಬದಲಾಯಿಸಿದ ಮಾಲು ಇದು. ನಡೀರಮ್ಮ," ಎಂದು ಮಾವ ಮೆಟ್ಟಿಲು ಇಳಿದೇಬಿಟ್ಟರು.

ಎರಡನೆಯ ಅಂಗಡಿಯವನನ್ನು ಲೈಬ್ರರಿ ಅಕ್ಕ ಮೊದಲು ಕೇಳಿದ್ದು ಮಾಡೆಲ್ ನಂಬರ್. ಅದನ್ನು ಮೊಬೈಲಿನಲ್ಲೇ, ಡಾಂಗಲ್ ತಯಾರಿಸಿದ ಕಂಪನಿಯ ವೆಬ್‌ಸೈಟಿಗೇ ಹಾಕಿ ನೋಡಿದಳು.

"ಇದ್ಯಾಕೆ?" ಮಾವನ ಅನುಮಾನ.

"ಡ್ರೈವರ್ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಬೇಕು. ಅದಿಲ್ದೆ ಕಂಪ್ಯೂಟರ್‌ಗೆ ಡಾಂಗಲ್ ಗುರುತೇ ಹತ್ತಲ್ಲ. ನಿಮ್ಮದು ಹಳೇ ಕಂಪ್ಯೂಟರ್. ಅದರ ವಿಂಡೋಸ್‌ಗೆ ಹೊಂದೋ ಡ್ರೈವರ್ ಈಗಲೂ ಸಿಗತ್ತಾ ಅಂತ ಕೊಳ್ಳೋ ಮುಂಚೆನೇ ನೋಡ್ಬೇಕು. ಇಲ್ದಿದ್ರೆ ಡಾಂಗಲ್ ಎಷ್ಟೇ ಚೆನ್ನಾಗಿದ್ರೂ ಪೇಪರ್‌ವೇಟೇ."

ಡ್ರೈವರ್ ಸಿಕ್ಕಿತು. ಮಾವ ಡಾಂಗಲಿನಲ್ಲಿ ಕಂಪ್ಯೂಟರಿಗೆ ಚುಚ್ಚುವ ಬಾಯಿ ನೋಡಿದರು, ತುಕ್ಕಿಲ್ಲ. ಬಿರುಕಿಲ್ಲ. ಆಂಟೆನಾ ಬಿಗಿಯಾಗಿದೆ. ಅಂಗಡಿಯವ ತನ್ನ ಕಂಪ್ಯೂಟರಿಗೆ ಹಾಕಿ ಒಂದು ವಿಡಿಯೋ ಓಡಿಸಿದ. ಮಾವ ಅಲ್ಲಾಡದೆ ವಿಡಿಯೋ ಮುಗಿಯುವವರೆಗೂ ನೋಡಿದರು. ಅದು ಕಾರು ತೊಳೆಯುವ ವಿಡಿಯೋ.

"ನೀನೇ ಬಿಚ್ಚಿ ನೋಡಿದ್ಯಾ ಇದನ್ನ?"

"ಹೌದು ಯಜಮಾನ್ರೇ. ಆಂಟೆನಾ ಬುಡ ಸಡಿಲ ಇತ್ತು, ಬೆಸುಗೆ ಹಾಕಿದೀನಿ. ಕೆಟ್ರೆ ಬದಲಾಯಿಸಿ ಕೊಡ್ತೀನಿ, ಬಿಲ್ಲಿನ ಮೇಲೆ ಬರ್ದಿದೀನಿ ನೋಡಿ."

ಏನು ರಿಪೇರಿ ಮಾಡಿದೆ ಎಂದು ಬಾಯಿಬಿಟ್ಟು ಹೇಳುವ ಮನುಷ್ಯನನ್ನು ಕಂಡು ಮಾವನ ಮುಖ ಅರಳಿತು. ಬಿಲ್ಲಿನಲ್ಲಿರುವ ಮಾಡೆಲ್ ನಂಬರೂ ಡಾಂಗಲಿನ ಮೇಲಿನ ನಂಬರೂ ಒಂದೇ ಎಂದು ಸೊಸೆ ಹೋಲಿಸಿ ನೋಡಿಕೊಂಡಳು.

ಅಂಗಡಿಯವನು ಡ್ರೈವರ್ ಇದೆಯೆಂದು ಒಂದು ಗೀರು ಬಿದ್ದ ಸಿಡಿಯನ್ನೂ ಕೊಟ್ಟ. ಲೈಬ್ರರಿ ಅಕ್ಕ ವಾಪಸ್ ಕೊಟ್ಟಳು. "ಬೇಡ ಅಣ್ಣ. ಇದರಲ್ಲಿ ಯಾವ ವೈರಸ್ ಇದೆಯೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಂಪನಿ ವೆಬ್‌ಸೈಟಿಂದನೇ ಇಳಿಸ್ಕೋತೀವಿ." ಹಾಗೆಯೇ ಇಳಿಸಿ ಪೆನ್‌ಡ್ರೈವಿನಲ್ಲಿ ತಂದಳು, ಹಾಕಿದಳು. ಕಂಪ್ಯೂಟರ್ ಇಂಟರ್ನೆಟ್ ಹಿಡಿಯಿತು. ಅತ್ತೆ ಚಪ್ಪಾಳೆ ತಟ್ಟಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇದು ಸೋಫಾ ಕವರಿನವರ ಮನೆ. ಇವರ ಮನೆಯಲ್ಲಿ ಬಟ್ಟೆ ಹಾಕದೆ ಬಿಟ್ಟ ವಸ್ತು ಇಲ್ಲ. ಫ್ಯಾನಿಗೆ ಕವರ್, ರೇಡಿಯೋಗೆ ಕವರ್, ಹೊಲಿಗೆ ಯಂತ್ರದ ಕವರಿಗೆ ಇನ್ನೊಂದು ಕವರ್. ಶುಕ್ರವಾರ ಸೊಸೆ ಅಭ್ಯಾಸಕ್ಕೆಂದು ಗಂಡನಿಗೆ ವಿಡಿಯೋ ಕರೆ ಮಾಡಿದಳು. ಸ್ವಲ್ಪ ಹೊತ್ತು ಸರಿಯಿತ್ತು. ಆಮೇಲೆ ಗಂಡನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಕರೆ ಕಡಿದುಹೋಯಿತು. ಮತ್ತೆ ಮಾಡಿದಳು, ಮತ್ತೆ ಹೋಯಿತು.

"ಹೇಳಿರ್ಲಿಲ್ವಾ ನಾನು?" ಮಾವ ಪುಟಿದರು. "ಹಳೇದು ಹಳೇದೇ! ನಾಳೆ ಏನು ಮಾಡ್ತೀಯಾ ಈಗ?"

ಸೊಸೆಯ ಮುಖ ಬಿಳುಚಿತು. ಎದುರು ಮನೆಗೆ ಓಡಿದಳು. ಲೈಬ್ರರಿ ಅಕ್ಕ ಬಂದು ಕಂಪ್ಯೂಟರ್ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದಳು. ನೋಡಿದವಳು ನಗಲು ಶುರುಮಾಡಿ ನೆಲಕ್ಕೇ ಕೂತಳು.

"ಯಾರು ಹೊಲಿದಿದ್ದು ಇದನ್ನ?"

ಡಾಂಗಲಿಗೆ ಕೆಂಪು ಮಖಮಲ್ಲಿನ ಅಂಗಿ! ಒಳಗೆ ತೆಳ್ಳನೆ ಫೋಮ್, ಅಂಚಿಗೆ ಉಬ್ಬು ಪಟ್ಟಿಯ ಪೈಪಿಂಗ್, ಆಂಟೆನಾಗೆ ಬೇರೆ ತೋಳು.

ಮಾವ ಗಂಟಲು ಸರಿಮಾಡಿಕೊಂಡರು. "ಧೂಳು ಕೂರಬಾರ್ದು ಅಂತ..."

"ಯಜಮಾನ್ರೇ, ಇದು ಕೆಲಸ ಮಾಡುವಾಗ ಬಿಸಿ ಆಗತ್ತೆ. ಗಾಳಿ ಬೇಕು ಅದಕ್ಕೆ. ನೀವು ಬೇಸಿಗೇಲಿ ಕಂಬಳಿ ಹೊದಿಸಿ ಮಲಗಿಸಿದೀರಿ, ಜೀವ ಹೋಗದೆ ಇನ್ನೇನು? ಸಾಲದ್ದಕ್ಕೆ ತಗಡಿನ ಪೆಟ್ಟಿಗೆ ಹಿಂದೆ, ಗೋಡೆ ಸಂದೀಲಿ ಸಿಕ್ಕಿಸಿದೀರಿ. ಸಿಗ್ನಲ್ ಎಲ್ಲಿಂದ ಬರ್ಬೇಕು?"

ಅಂಗಿ ಬಿಚ್ಚಿದರು. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲನ್ನು ಅಂಗಳದ ಕಡೆಯ ಕಿಟಕಿಯ ಬಳಿಗೆ ತಂದರು, ನೀರು ಬೀಳದ ಜಾಗಕ್ಕೆ. ಕಂಪ್ಯೂಟರಿನಲ್ಲಿ ರೌಟರಿನ ಎರಡು ವೈಫೈ ಹೆಸರು ಕಾಣಿಸುತ್ತಿದ್ದವು. "ಐದು ಗಿಗಾಹರ್ಟ್ಸ್ ಅನ್ನೋದು ಹತ್ತಿರ ಇದ್ರೆ ಜೋರು. ಗೋಡೆ ದಾಟ್ಬೇಕು ಅಂದ್ರೆ ಎರಡು ಪಾಯಿಂಟ್ ನಾಲ್ಕು ಅನ್ನೋದೇ ವಾಸಿ," ಎಂದು ಲೈಬ್ರರಿ ಅಕ್ಕ ಅದಕ್ಕೇ ಜೋಡಿಸಿದಳು. ಪಾಸ್‌ವರ್ಡ್ ಕೇಳಿದರೆ ಅತ್ತೆ ಒಂದರಿಂದ ಎಂಟರವರೆಗೆ ಎಣಿಸಿದಳು. ಅದನ್ನೂ ಬದಲಾಯಿಸಿ ಗಟ್ಟಿಯಾದದ್ದು ಇಡಿಸಿದ್ದಾಯಿತು. ಮತ್ತೆ ಗಂಡನಿಗೆ ಕರೆ ಹೋಯಿತು. ಅವನು ಇಡೀ ಊಟ ಮುಗಿಸುವವರೆಗೂ ಚಿತ್ರ ಅಲುಗಲಿಲ್ಲ.

ಶನಿವಾರ ಬಂತು. ತೆರೆಯ ಮೇಲೆ ತರಬೇತಿ ಕೇಂದ್ರದ ಮುಖ್ಯಸ್ಥೆ, ಜೊತೆಗೆ ಬೇರೆ ಬೇರೆ ಮನೆಗಳಿಂದ ಕಲಿಯುವ ಹೆಂಗಸರು. ಉಸಿರೂ ಬಿಡಬಾರದೆಂದು ಮಾವನಿಗೆ ಅಪ್ಪಣೆಯಾಗಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದರು. ಸೊಸೆ ಕುರ್ಚಿಯ ಅಳತೆ ತೆಗೆದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಮೂಲೆಯಲ್ಲಿ ಬಟ್ಟೆ ಸುಕ್ಕಾಗದ ಹಾಗೆ ಕತ್ತರಿಸುವುದು ತೋರಿಸಿದಳು. ಚಿತ್ರ ನಿಲ್ಲಲಿಲ್ಲ, ದನಿ ಒಡೆಯಲಿಲ್ಲ.

ಕಲಿಯುವವಳೊಬ್ಬಳು ಕೇಳಿದಳು, "ಮೇಡಂ, ಮೂಲೇಲಿ ಬಟ್ಟೆ ಇಷ್ಟು ನೀಟಾಗಿ ಕೂರಿಸೋದು ಎಲ್ಲಿ ಕಲಿತ್ರಿ?"

ಮೇಡಂ! ಬಾಗಿಲ ಮರೆಯಲ್ಲಿ ಮಾವ ಮೂಗು ಎಳೆದುಕೊಂಡ ಸದ್ದು ವರ್ಕ್‌ಶಾಪಿಗೆಲ್ಲ ಕೇಳಿಸಿತು.

"ಯಾರು ಅಲ್ಲಿ?" ಎಂದರು ಮುಖ್ಯಸ್ಥೆ.

ಸೊಸೆ ಎದ್ದು ಹೋಗಿ ಮಾವನ ಕೈ ಹಿಡಿದು ಕ್ಯಾಮೆರಾ ಮುಂದೆ ತಂದು ನಿಲ್ಲಿಸಿದಳು. "ಇವರ ಹತ್ರ ಕಲಿತೆ. ನಮ್ಮ ಮಾವ. ಈ ಮೂಲೆ ಕತ್ತರಿಸೋಕೆ ಇವರು ಎಷ್ಟು ಸಲ ಬಿಚ್ಚಿಸಿದಾರೆ ಅಂತ ನನ್ನ ಬೆರಳೇ ಹೇಳತ್ತೆ."

ಮಾವ ಕ್ಯಾಮೆರಾದತ್ತ ಬಗ್ಗಿದರು. "ಮೂಲೆ ವಿಷಯದಲ್ಲಿ ನನಗಿಂತ ಇವಳೇ ಮೇಲಮ್ಮ," ಎಂದರು ತೆರೆಯ ತುಂಬ ಇದ್ದ ಹೆಂಗಸರಿಗೆ. "ಗಮನ ಇಟ್ಟು ಕಲೀರಿ."

ಸೋಮವಾರದಿಂದ ಅವಳೇ ಟೀಚರ್. ಬೀದಿಯಲ್ಲಿ ಯಾರೇ ಸಿಕ್ಕರೂ ಮಾವ ಈ ಸುದ್ದಿ ಹೇಳದೆ ಬಿಡುತ್ತಿಲ್ಲ, ನಾನೂ ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಮನೆಯಲ್ಲೂ ಒಂದು ಕಂಪ್ಯೂಟರ್ ಮೂಲೆ ಹಿಡಿದು ಕೂತಿದೆಯಾ? ಅದನ್ನು ಗುಜರಿಗೆ ಹಾಕಬೇಡಿ. ಒಂದು ರಿಫರ್ಬಿಶ್ಡ್ ಡಾಂಗಲ್ ಸಾಕಾಗಬಹುದು. ಕಡಿಮೆ ಬೆಲೆಗೆ ಕೊಂಡೆ ಎಂದು ನಾಚಬೇಡಿ, ನೋಡದೆ ಕೊಂಡರೆ ನಾಚಿ. ನಿಮ್ಮ ಕಂಪ್ಯೂಟರಿಗೆ ಹೊಂದುತ್ತದೆಯೇ ಎಂದು ಮಾಡೆಲ್ ನಂಬರ್ ಹಿಡಿದು ಮೊದಲೇ ವಿಚಾರಿಸಿ. ಅಂಗಡಿಯಲ್ಲೇ ಹಾಕಿಸಿ ನೋಡಿ. ಬಿಲ್ಲು, ಬದಲಾಯಿಸಿ ಕೊಡುವ ಮಾತು, ಎರಡೂ ಬರಹದಲ್ಲಿ ಇರಲಿ, ಕೊಡದವನ ಮೆಟ್ಟಿಲು ಇಳಿದುಬಿಡಿ. ಡ್ರೈವರನ್ನು ಡಾಂಗಲ್ ತಯಾರಿಸಿದ ಕಂಪನಿಯ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ತಿಳಿಯದಿದ್ದರೆ ತಿಳಿದವರನ್ನು ಕರೆದುಕೊಂಡು ಹೋಗಿ, ಕೇಳಿದರೆ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರ ಕೈಯಲ್ಲಿ ಜಗತ್ತಿಗೆ ತೋರಿಸುವಂಥ ಕೆಲಸ ಇದ್ದೇ ಇರುತ್ತದೆ. ಅವರನ್ನು ಕ್ಯಾಮೆರಾ ಮುಂದೆ ಕೂರಿಸಿ.